ಬುಟ್ಟಿಭಾವನ ಏಳು ಫಂಡು, ಒಂದು ಹಲ್ಲು

ಹಲ್ಲಿದ್ದವನಿಗೆ ಫಂಡಿಲ್ಲ, ಫಂಡಿದ್ದವನಿಗೆ ಹಲ್ಲಿಲ್ಲ, ಎರಡೂ ಇಲ್ಲದವನು ಸಲಹೆಗಾರನಾಗುತ್ತಾನೆ. ಗಾದೆ ಹೀಗಿಲ್ಲ ಅಂತ ನನಗೂ ಗೊತ್ತು. ಕಡಲೆ ತೆಗೆದು ಫಂಡು ತುರುಕಿ, ಹಿಂದೊಂದು ಬಾಲ ಅಂಟಿಸಿದವನು ನಾನೇ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರಲ್ಲ, ಆ ಮಾತು ಕೆಡಿಸಿದ ಗಾದೆಗೂ ಸಲ್ಲುತ್ತದೋ ಇಲ್ಲವೋ, ಓದಿ ನೀವೇ ಹೇಳಿ. ಇದು ನಿಜವಾಗಿ ನಡೆದದ್ದು. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ, ಮೂಗಾರೆ ಅನುಭವಿಸಿದೆ. ಮೂಗಿನ ವಿಷಯದಿಂದಲೇ ಶುರುಮಾಡುತ್ತೇನೆ.

ನಾನು ಎಂ.ಎ. ಓದಿ ಹಲ್ಲುಜ್ಜುವ ಕೆಲಸಕ್ಕೆ ಸೇರಿದವನು. ನನ್ನ ಹಲ್ಲಲ್ಲ, ಊರವರ ಹಲ್ಲು. ಅದೂ ಇನ್ನೂ ಬಾಯಿಗೆ ಹೋಗದ ಹಲ್ಲು. ನನ್ನ ಚಿಕ್ಕಮ್ಮ ಕಟ್ಟುಹಲ್ಲು ತಯಾರಿಸುವ ಲ್ಯಾಬ್ ನಡೆಸುತ್ತಿದ್ದಳು. ಲ್ಯಾಬ್ ಅಂದರೆ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಸಿಂಕು, ಅಚ್ಚಿಗೆ ಹುಯ್ಯುವ ಗಚ್ಚು, ಅಂದರೆ ಪ್ಲಾಸ್ಟರ್, ಕಲಸುವ ರಬ್ಬರ್ ಬಟ್ಟಲು, ಗೋಡೆಯುದ್ದಕ್ಕೂ ಗಚ್ಚಿನ ದವಡೆಗಳ ಸಾಲು. ಎರಡನೆಯದರಲ್ಲಿ ಮೇಣ ಕರಗಿಸುವ ದೀಪ, ಪುಟ್ಟ ಒಲೆ, ಮತ್ತೆ ನನ್ನ ಸಿಂಹಾಸನವಾದ ಉಜ್ಜುವ ಯಂತ್ರ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಂದ ತೆಗೆದ ಅಚ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸುತ್ತಿದ್ದರು. ತೊಳೆದು ಕಳಿಸಬೇಕು ಅನ್ನುವುದು ನಿಯಮ. ನಿಯಮಕ್ಕೆ ಹಲ್ಲಿಲ್ಲ. ಚೀಲ ಬಿಚ್ಚಿದರೆ ಎಂಜಲು, ಒಂದೆಳೆ ರಕ್ತ, ಮಧ್ಯಾಹ್ನದ ಊಟದ ಸೊಪ್ಪಿನ ಚೂರು. ಕೆಳಗಿನಿಂದ ಬೇಯುವ ಬ್ರೆಡ್ಡಿನ ವಾಸನೆ, ಮೇಲೆ ಊರವರ ಬಾಯಿಯ ವಾಸನೆ, ನಡುವೆ ನಾನು. ಮೊದಮೊದಲು ವಾಕರಿಕೆ ಬರುತ್ತಿತ್ತು, ಆಮೇಲೆ ನಿಂತಿತು. ನನ್ನೊಳಗಿನ ಹೇಸಿಗೆಯೆಲ್ಲ ಖರ್ಚಾಯಿತು ಅಂದುಕೊಂಡಿದ್ದೆ. ಭಾವ ಮ್ಯೂಚುವಲ್ ಫಂಡು ಮಾರಲು ಶುರುಮಾಡಿದ ಮೇಲೆ ತಿಳಿಯಿತು, ಅದು ಖರ್ಚಾಗಿರಲಿಲ್ಲ, ಠೇವಣಿಯಲ್ಲಿತ್ತು. ಬಡ್ಡಿ ಸಮೇತ ವಾಪಸು ಬಂತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹಿರಿಯನಿಗೆ ಬಹುವಚನ ಹಾಕಬೇಕು, ಒಪ್ಪುತ್ತೇನೆ. ಆದರೆ ಇರುವ ಬಹುವಚನವನ್ನೆಲ್ಲ ಅವನೇ ಬಳಸಿ ಮುಗಿಸಿದ್ದ: ಒಂದು ಫಂಡು ಸಾಕಾಗುವ ಕಡೆ ಏಳು. ಮಾತು ಶುರುವಾದರೆ ಮೊದಲ ವಾಕ್ಯ ಯಾವಾಗಲೂ ಒಂದೇ, ಎಲ್ಲಾ ಮೊಟ್ಟೆ ಒಂದೇ ಬುಟ್ಟಿಗೆ ಹಾಕಬಾರದು. ಮದುವೆ ಮನೆಯಲ್ಲಿ ಹೇಳಿದ, ಆಸ್ಪತ್ರೆಯಲ್ಲಿ ಹೇಳಿದ, ಒಮ್ಮೆ ಸಾವಿನ ಮನೆಯಲ್ಲಿ ಇನ್ನೂ ಅಳು ನಿಲ್ಲದ ವಿಧವೆಯ ಪಕ್ಕ ಕೂತು ಮೆಲ್ಲಗೆ ಹೇಳಿದ. ಆ ಸಂಜೆಯೇ ನಾನವನಿಗೆ ಬುಟ್ಟಿಭಾವ ಅಂತ ಹೆಸರಿಟ್ಟೆ. ಮೊಟ್ಟೆ ಎಷ್ಟು ಬುಟ್ಟಿಗೆ ಹೋಯಿತೋ ಕಾಣೆ, ಜನ ಮಾತ್ರ ಒಬ್ಬೊಬ್ಬರಾಗಿ ಅವನ ಬುಟ್ಟಿಗೆ ಬೀಳುತ್ತಿದ್ದರು.

ನನಗೊಂದು ಕೆಟ್ಟ ಚಾಳಿಯಿದೆ, ಅಣಕಿಸುವುದು. ಈ ಕೆಲಸಕ್ಕೆ ಬಂದ ಮೇಲೆ ಅದಕ್ಕೆ ಸಾಣೆ ಸಿಕ್ಕಿತು. ಯಾವ ಹಲ್ಲಿನ ಸಂದಿಯಿಂದ ಯಾವ ಅಕ್ಷರ ಸೋರುತ್ತದೆ, ಮೇಲಿನ ದವಡೆ ಮುಂದೆ ಬಂದವರು ಪಕಾರವನ್ನು ಹೇಗೆ ನುಂಗುತ್ತಾರೆ, ಎಲ್ಲ ಗಚ್ಚಿನಲ್ಲೇ ಕಾಣುತ್ತದೆ. ಕೆಲಸ ಕಡಿಮೆ ಇದ್ದ ದಿನ ಕಪಾಟಿನಿಂದ ಎರಡು ದವಡೆ ಇಳಿಸಿ ಬ್ಯಾಂಕ್ ಮ್ಯಾನೇಜರಿಗೂ ಸಂಗೀತದ ಮೇಡಂಗೂ ಜಗಳ ಹಚ್ಚುತ್ತಿದ್ದೆ. ಚಿಕ್ಕಮ್ಮ ಮೇಣದ ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಆದರೆ ನನ್ನ ಮೇರುಕೃತಿ ಬುಟ್ಟಿಭಾವನೇ. ಮುಂದಿನ ಎರಡು ಹಲ್ಲಿನ ನಡುವೆ ಅವನಿಗೊಂದು ಸಂದಿ. ಸಂಪತ್ತು, ಸುರಕ್ಷತೆ, ಸಮೃದ್ಧಿ ಅಂದಾಗಲೆಲ್ಲ ಸೀಟಿ ಹೊಡೆಯುತ್ತದೆ. ಕಾಗದದ ಪುಟ ತಿರುಗಿಸುವ ಮುಂಚೆ ಹೆಬ್ಬೆರಳನ್ನು ಬುಡದವರೆಗೂ ನೆಕ್ಕುತ್ತಾನೆ, ಅರ್ಧಕ್ಕೆ ನಿಲ್ಲಿಸುವುದಿಲ್ಲ. ಅವನು ಕೊಟ್ಟ ಕಾಗದಗಳ ಮೂಲೆಯೆಲ್ಲ ಸದಾ ತೇವ. ಪೆನ್ನಿನ ಮುಚ್ಚಳವನ್ನು ಜಗಿಯುತ್ತ ಮಾತಾಡಿ, ಸಹಿ ಹಾಕುವ ಹೊತ್ತಿಗೆ ಅದೇ ಪೆನ್ನನ್ನು ಎದುರಿನವರ ಕೈಗೆ ಕೊಡುತ್ತಾನೆ. ಇಷ್ಟನ್ನೂ ನಾನು ಮಾಡಿ ತೋರಿಸುತ್ತಿದ್ದೆ, ಹೆಬ್ಬೆರಳು ನೆಕ್ಕುವುದೊಂದನ್ನು ಬಿಟ್ಟು. ಕಲೆಗೂ ಒಂದು ಮಿತಿ ಇರಬೇಕು.

ಈಗ ಚಿಕ್ಕಮ್ಮನ ವಿಷಯ. ಮದುವೆಯಾದವಳಲ್ಲ, ಮಕ್ಕಳಿಲ್ಲ. ಹಲ್ಲಿನ ಪುಡಿಯೂ ಬಣ್ಣದ ಆವಿಯೂ ಸೇರಿ ಅವಳ ಎದೆಯಲ್ಲಿ ಒಂದು ಕೆಮ್ಮು ಮನೆ ಮಾಡಿತ್ತು. ಇನ್ನು ಈ ಗಾಳಿ ಕುಡಿಯಬೇಡಿ ಅಂತ ಡಾಕ್ಟರು ಖಡಾಖಂಡಿತ ಹೇಳಿದರು. ದೊಡ್ಡ ಕಂಪನಿಯೊಂದು ಲ್ಯಾಬನ್ನು, ಯಂತ್ರಗಳನ್ನು, ಗಿರಾಕಿ ಡಾಕ್ಟರುಗಳನ್ನು, ಜೊತೆಗೆ ನನ್ನನ್ನೂ ಸೇರಿಸಿ ಕೊಂಡುಕೊಂಡಿತು. ಒಪ್ಪಿಸುವುದು ತಿಂಗಳ ಕೊನೆಗೆ, ಅಲ್ಲಿಯವರೆಗೆ ಚಿಕ್ಕಮ್ಮನೇ ನಡೆಸಬೇಕು. ಬಂದ ದುಡ್ಡಿನಲ್ಲೇ ಚಿಕ್ಕಮ್ಮ ಉಳಿದ ಆಯಸ್ಸನ್ನೆಲ್ಲ ಕಳೆಯಬೇಕು. ಬಾಡಿಗೆ, ಔಷಧ, ಊಟ, ಎಲ್ಲಾ ಅದರಲ್ಲೇ. ಅದು ಕರಗಿದರೆ ಮತ್ತೊಂದಿಲ್ಲ.

"ಜೀವಮಾನವೆಲ್ಲಾ ಬೇರೆಯವರ ಬಾಯಿ ನೋಡಿ ದುಡಿದೆ," ಅಂದಳು ಒಂದು ದಿನ ನನ್ನ ಹತ್ತಿರ. "ಇನ್ನು ಕೂತು ತಿನ್ನೋಕ್ಕೂ ಬೇರೆಯವರ ಬಾಯಿ ನೋಡೋ ಹಾಗೆ ಆಗಬಾರದು ಕಣೋ. ಅಷ್ಟೇ ನನಗೆ ಬೇಕಿರೋದು."

ಅವಳಿಗೆ ಬೇಕಿದ್ದದ್ದು ಅಷ್ಟೇ. ಬುಟ್ಟಿಭಾವನಿಗೆ ಬೇಕಿದ್ದದ್ದು ಅಷ್ಟೂ.

ಲ್ಯಾಬ್ ಮಾರಾಟದ ಸುದ್ದಿಯ ಬೆನ್ನಿಗೇ ಬಂದ. ಅಕ್ಕನನ್ನೂ ಕರೆದುಕೊಂಡು ಬಂದ. ಅಕ್ಕ ಇದ್ದರೆ ಚಿಕ್ಕಮ್ಮ ಮೆತ್ತಗಾಗುತ್ತಾಳೆ ಅಂತ ಅವನಿಗೆ ಗೊತ್ತು. ಕೆಮ್ಮು ಜೋರಾಗಿದ್ದ ಕಾಲದಲ್ಲಿ ಅಕ್ಕ ದಿನಾ ಬಂದು ಅಡುಗೆ ಮಾಡಿ, ಬೆನ್ನುಜ್ಜಿ ಹೋಗಿದ್ದಳು. ಆ ಋಣವನ್ನು ಗಂಡ ನಗದು ಮಾಡಿಕೊಳ್ಳಲು ಬಂದಿದ್ದ. ಮೇಜಿನ ಮೇಲಿದ್ದ ದವಡೆಗಳನ್ನು ಒಂದು ಕಡೆ ತಳ್ಳಿ, ಬಣ್ಣಬಣ್ಣದ ಕಾಗದಗಳನ್ನು ಇಸ್ಪೀಟಿನ ಹಾಗೆ ಹರಡಿದ. ಷೇರು ಫಂಡುಗಳೇ ಏಳು. ಒಂದರ ಹೆಸರು ಸಮೃದ್ಧಿ ಶಿಖರ, ನೀಲಿ ಬಣ್ಣ, ಮೇಲೆ ಒಂದು ಬೆಟ್ಟ. ಇನ್ನೊಂದು ಧೀರ ನಾಳೆ, ಕೇಸರಿ ಬಣ್ಣ, ಓಡುವ ಕುದುರೆ. ಮತ್ತೊಂದು ಸ್ಥಿರ ಸಿರಿ, ಹಸಿರು, ಆಲದ ಮರ. ಹೀಗೇ ಹಡಗು, ಹದ್ದು, ಸೂರ್ಯ, ಕೊನೆಗೊಂದು ನಗುವ ಮಗು. ಅದರ ಜೊತೆಗೆ ಬಾಂಡು ಫಂಡುಗಳು ಮೂರು. ಒಟ್ಟು ಹತ್ತು ಬುಟ್ಟಿ. ನಿಮ್ಮ ದುಡ್ಡನ್ನ ಹತ್ತು ಭಾಗ ಮಾಡಿ ಹಂಚಿಬಿಟ್ಟರೆ ಯಾವ ಬಿರುಗಾಳಿಗೂ ಅಲುಗಾಡಲ್ಲ ಅತ್ತೆ, ಅಂದ. ಅಂದ ಅನ್ನುವುದಕ್ಕಿಂತ ಸೀಟಿ ಹೊಡೆದ ಅನ್ನಬೇಕು, ಎಷ್ಟೊಂದು ಸಕಾರಗಳಿದ್ದವು. ಖರ್ಚು ಎಷ್ಟಾಗುತ್ತೆ ಅಂತ ಚಿಕ್ಕಮ್ಮ ಕೇಳಿದಳು. ನಿಮ್ಮ ಕೈಯಿಂದ ಒಂದು ಕಾಸೂ ಹೋಗಲ್ಲ, ಅದೆಲ್ಲ ಫಂಡಿನ ಒಳಗಿನಿಂದಲೇ ಹೋಗುತ್ತೆ ಅಂದ. ಜಿಗಣೆಯೂ ನೋವಾಗದ ಹಾಗೆಯೇ ಹೀರುತ್ತದೆ ಅಂತ ನನ್ನ ಬಾಯಿಗೆ ಬಂದಿತ್ತು. ಅಕ್ಕ ನನ್ನ ಕಡೆ ನೋಡಿದ್ದರಿಂದ ನುಂಗಿಕೊಂಡೆ.

ಅವನು ಹೋದ ಮೇಲೆ ಕಾಗದಗಳನ್ನು ಒರೆಸಿ ಓದಿದೆ. ಎಂ.ಎ. ಮಾಡಿದ್ದಕ್ಕೆ ಒಂದೇ ಲಾಭ, ಎಂಥ ನೀರಸ ಗದ್ಯವನ್ನಾದರೂ ಕೊನೆಯವರೆಗೂ ಓದುವ ಶಕ್ತಿ ಬಂದಿದೆ. ಪ್ರತಿ ಕಾಗದದ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಆ ಫಂಡು ಯಾವ ಕಂಪನಿಗಳ ಷೇರನ್ನು ಅತಿ ಹೆಚ್ಚು ಕೊಂಡಿದೆ ಅಂತ ಹತ್ತು ಹೆಸರು ಹಾಕಿರುತ್ತಾರೆ. ಬೆಟ್ಟದ ಹಿಂದೆ ನೋಡಿದೆ: ಒಂದು ದೊಡ್ಡ ಬ್ಯಾಂಕು, ಒಂದು ಎಣ್ಣೆ ಕಂಪನಿ, ಒಂದು ಸೋಪಿನ ಕಂಪನಿ, ಫೋನಿನದೊಂದು. ಕುದುರೆಯ ಹಿಂದೆ ನೋಡಿದೆ: ಅದೇ ಬ್ಯಾಂಕು, ಅದೇ ಎಣ್ಣೆ, ಅದೇ ಸೋಪು. ಆಲದ ಮರ, ಹಡಗು, ಹದ್ದು, ಎಲ್ಲದರ ಬೆನ್ನಿಗೂ ಅದೇ ಸೋಪು ಹಚ್ಚಿತ್ತು. ಕೆಲವು ಕಡೆ ಬ್ಯಾಂಕು ಮೇಲೆ ಎಣ್ಣೆ ಕೆಳಗೆ, ಕೆಲವು ಕಡೆ ಎಣ್ಣೆ ಮೇಲೆ ಬ್ಯಾಂಕು ಕೆಳಗೆ, ಅಷ್ಟೇ. ಏಳು ಬುಟ್ಟಿ ನಿಜ, ಆದರೆ ಏಳರಲ್ಲೂ ಒಂದೇ ಕೋಳಿಯ ಮೊಟ್ಟೆ. ಕೋಳಿಗೆ ಜ್ವರ ಬಂದರೆ ಏಳೂ ಬುಟ್ಟಿ ಖಾಲಿ. ಮತ್ತೆ ಏಳೂ ಬುಟ್ಟಿಗೆ ವರ್ಷ ವರ್ಷ ಬೇರೆ ಬೇರೆ ಬಾಡಿಗೆ, ಪ್ರತಿ ಬಾಡಿಗೆಯಲ್ಲೂ ಭಾವನಿಗೊಂದು ಪಾಲು.

ಬಾಂಡುಗಳ ಕತೆ ಇನ್ನೂ ಹೊಲಸು. ಬಾಂಡು ಅಂದರೆ ಸಾಲಪತ್ರ. ಸರ್ಕಾರಕ್ಕೋ ಕಂಪನಿಗೋ ನಾವು ಸಾಲ ಕೊಟ್ಟು ಬಡ್ಡಿ ತಿನ್ನುವುದು. ಷೇರು ಬಿದ್ದ ವರ್ಷ ಅದು ಊಟ ಹಾಕಬೇಕು, ಅದಕ್ಕಾಗಿಯೇ ಅದನ್ನು ಇಟ್ಟುಕೊಳ್ಳುವುದು. ಭಾವ ಆರಿಸಿದ್ದ ಮೂರರಲ್ಲಿ ಒಂದು, ಬೇರೆ ಯಾರೂ ಸಾಲ ಕೊಡದ ಕಂಪನಿಗಳಿಗೆ ಹುಡುಕಿಕೊಂಡು ಹೋಗಿ ಸಾಲ ಕೊಡುತ್ತಿತ್ತು. ಬಡ್ಡಿ ಜಾಸ್ತಿ, ಆದರೆ ಷೇರಿನ ಜೊತೆ ಅದೂ ಮಕಾಡೆ ಬೀಳುವಂಥದು. ಇನ್ನೊಂದು ಕೊಡುವ ಸಾಲ ವಾಪಸು ಬರುವ ಹೊತ್ತಿಗೆ ಚಿಕ್ಕಮ್ಮನಿಗೆ ನೂರು ದಾಟಿರುತ್ತದೆ. ನಡುವೆ ಊರಲ್ಲಿ ಬಡ್ಡಿ ದರ ಏರಿದರೆ ಅದರ ಬೆಲೆ ಧೊಪ್ಪನೆ ಇಳಿಯುತ್ತದೆ. ಮೂರನೆಯದು ಹೆಸರಿಗೆ ಬಾಂಡು, ಒಳಗೆ ಕಾಲು ಭಾಗ ಮತ್ತದೇ ಬ್ಯಾಂಕು, ಮತ್ತದೇ ಎಣ್ಣೆ, ಮತ್ತದೇ ಸೋಪು. ಆ ಸೋಪಿನಿಂದ ಕೈ ತೊಳೆದುಕೊಂಡರೂ ಹೋಗದಂಥ ಜಿಡ್ಡು ಇಡೀ ಕಾಗದದ ಮೇಲಿತ್ತು.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಹೇಳಿದ್ದು ಸಾಲದೆ, ಭಾವನ ಗಂಟಲಲ್ಲೇ ಹೇಳಿದೆ. ಬೆಟ್ಟ, ಕುದುರೆ, ಆಲದ ಮರ, ಎಲ್ಲದಕ್ಕೂ ಸೀಟಿ ಹೊಡೆದೆ. ಅವಳು ಕೆಮ್ಮು ಬರುವವರೆಗೂ ನಕ್ಕಳು, ನೀರು ಕುಡಿದಳು, ಆಮೇಲೆ ಮುಖ ಸಣ್ಣದು ಮಾಡಿಕೊಂಡಳು. ನೀನು ಅಣಕಿಸೋದನ್ನ ನೋಡಿ ನಗಬಹುದು, ಅವರಿಗೆ ಏನು ಹೇಳೋದು ಅಂದಳು. ಬೇಡ ಅಂದರೆ ಅಕ್ಕನಿಗೆ ಮನೆಯಲ್ಲಿ ಕಷ್ಟ. ನಿನ್ನ ಚಿಕ್ಕಮ್ಮನೇ ನಂಬಲಿಲ್ಲ ಅಂತ ಕುಟುಕುತ್ತಾರೆ. ಕಾಗದ ಓದಿ ವಾದ ಮಾಡಿದರೆ ಇನ್ನೂ ಹತ್ತು ಕಾಗದ ತರುತ್ತಾರೆ. ಭಾನುವಾರ ಸಹಿ ಹಾಕ್ತೀನಿ ಅಂತ ಹೇಳಿಬಿಟ್ಟಿದ್ದೀನಿ ಅಂದಳು. ನನ್ನ ನಾಲಗೆ ಮೇಲಿದ್ದ ಸೀಟಿ ಹಾಗೇ ಒಣಗಿತು.

ಭಾನುವಾರಕ್ಕೆ ಮುಂಚೆ ಒಂದು ಒಳ್ಳೆಯದಾಯಿತು. ಭಾವ ಯಾರದೋ ಮನೆಯಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತ ಪೆನ್ನಿನ ಮುಚ್ಚಳ ಜಗಿಯುತ್ತಿದ್ದಾಗ ಅವನ ಮುಂದಿನ ಹಲ್ಲೊಂದು ಲಟಕ್ಕೆಂದು ಮುರಿಯಿತು. ಮುರಿದ ತುಂಡನ್ನು ಅಂಗೈಗೆ ಉಗಿದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ಸಹಿ ಮಾಡಿಸಿಕೊಂಡೇ ಎದ್ದನಂತೆ. ಅಕ್ಕ ಇದನ್ನು ಹೆಮ್ಮೆಯಿಂದ ಹೇಳಿದಳೋ ನಾಚಿಕೆಯಿಂದ ಹೇಳಿದಳೋ ಗೊತ್ತಾಗಲಿಲ್ಲ. ಹಲ್ಲಿನ ಡಾಕ್ಟರು ಬೇರನ್ನು ಕೊರೆದು ಸಿದ್ಧ ಮಾಡಿ, ಅಚ್ಚು ತೆಗೆದು, ಬಣ್ಣ ಆರಿಸುವುದಕ್ಕೆ ನಮ್ಮ ಲ್ಯಾಬಿಗೇ ಹೋಗಿ ಅಂದರಂತೆ. ಒಂದೇ ದಾರಿಯಲ್ಲಿ ಎರಡೂ ಕೆಲಸ ಮುಗಿಯುತ್ತೆ ಅಂತ ಭಾವ ಭಾನುವಾರ ಅಕ್ಕನ ಜೊತೆ ಬಂದ. ಒಂದು ಕೈಯಲ್ಲಿ ಅಚ್ಚಿನ ಚೀಲ, ಇನ್ನೊಂದು ಕೈಯಲ್ಲಿ ಅರ್ಜಿಗಳ ಚೀಲ. ಯಾವುದು ಹೆಚ್ಚು ತೇವವಿತ್ತು ಅಂತ ನನ್ನನ್ನು ಕೇಳಬೇಡಿ.

ಇಲ್ಲಿ ನಮ್ಮ ಲ್ಯಾಬಿನ ಒಂದು ಗುಟ್ಟು ಹೇಳಬೇಕು. ಹಲ್ಲು ಬಿಳಿ ಅಂತ ನೀವು ಅಂದುಕೊಂಡಿರುತ್ತೀರಿ. ಅದರಲ್ಲಿ ಹದಿನಾರು ಬಣ್ಣ. ಬೀಗದ ಕೈ ಗೊಂಚಲಿನ ಹಾಗೆ ತಗಡಿನ ಕಡ್ಡಿಗಳಿರುತ್ತವೆ, ಒಂದೊಂದರ ತುದಿಗೂ ಒಂದು ಮಾದರಿ ಹಲ್ಲು, ಕಡ್ಡಿಯ ಮೇಲೆ ಒಂದು ನಂಬರು. ರೋಗಿಯ ಪಕ್ಕದ ಹಲ್ಲಿನ ಜೊತೆ ಹಿಡಿದು ನೋಡಿ ಹೊಂದುವುದನ್ನು ಆರಿಸುವುದು. ನೂರಕ್ಕೆ ತೊಂಬತ್ತು ಜನ ನೀವೇ ಹೇಳಿ ಅನ್ನುತ್ತಾರೆ. ಉಳಿದ ಹತ್ತು ಜನ ಕನ್ನಡಿ ಕಿತ್ತುಕೊಂಡು, ಕಿಟಕಿಗೆ ಓಡಿ, ಹೆಂಡತಿಯನ್ನು ಕರೆಸಿ, ತಮ್ಮ ವಯಸ್ಸಿಗೂ ಬಣ್ಣಕ್ಕೂ ಸಂಬಂಧವಿಲ್ಲದ ಹಲ್ಲೊಂದನ್ನು ಹಿಡಿದು ಕೂರುತ್ತಾರೆ. ಅಂಥವರಿಗಾಗಿ ಚಿಕ್ಕಮ್ಮನ ಡ್ರಾಯರಿನಲ್ಲಿ ಇನ್ನೊಂದು ಗೊಂಚಲಿತ್ತು. ಅದರ ಹೆಸರು ಮೊಂಡರ ಗೊಂಚಲು. ಬಂದವರ ಬಾಯಿಯನ್ನು ಒಮ್ಮೆ ನೋಡಿ ಸರಿಯಾದ ಬಣ್ಣ ಯಾವುದು ಅಂತ ಚಿಕ್ಕಮ್ಮ ತಾನೇ ನಿರ್ಧರಿಸುವುದು. ಒಳಗೆ ಹೋಗಿ ಆ ಬಣ್ಣದ ಡಬ್ಬಿಯಿಂದಲೇ ಎಂಟು ಹಲ್ಲು ತೆಗೆದು ಎಂಟು ಕಡ್ಡಿಗೂ ಸಿಕ್ಕಿಸುವುದು. ಎಂಟು ನಂಬರು, ಒಂದೇ ಹಲ್ಲು. ಮೊಂಡರು ಒಂದು ಗಂಟೆ ಪರೀಕ್ಷೆ ಮಾಡಿ ಯಾವುದನ್ನು ಆರಿಸಿದರೂ ಸರಿಯಾದದ್ದನ್ನೇ ಆರಿಸುತ್ತಿದ್ದರು, ತಾವೇ ಆರಿಸಿದ ಸಂತೋಷದಲ್ಲಿ ಮನೆಗೆ ಹೋಗುತ್ತಿದ್ದರು.

ಅಂದು ಚಿಕ್ಕಮ್ಮ ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ದೀಪ ಹಿಡಿದಳು. ನಾನೂ ಇಣುಕಿದೆ. ಮುಂದಿನ ಹಲ್ಲಿನ ಜಾಗದಲ್ಲಿ ಒಂದು ಮೋಟು ಗೂಟ, ಅದರ ಸುತ್ತ ಬೆಳ್ಳಗೆ ಮೆತ್ತಿದ ಬಿಸ್ಕತ್ತು. ಇಷ್ಟು ವರ್ಷ ಗಚ್ಚಿನ ಬಾಯಿಗಳನ್ನೇ ನೋಡಿದವನಿಗೆ ಜೀವಂತ ಬಾಯಿಯ ಬಿಸಿ ಉಸಿರು ಮುಖಕ್ಕೆ ಬಡಿದಾಗ ಬೇಕರಿಯ ವಾಸನೆಯೂ ದೇವರೇ ಅನ್ನಿಸಿತು. ಚಿಕ್ಕಮ್ಮ ಒಮ್ಮೆ ನೋಡಿ ಒಳಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿದ್ದದ್ದನ್ನು ಕಂಡು ನಾನು ಉಜ್ಜುವ ಯಂತ್ರ ನಿಲ್ಲಿಸಿದೆ. ಮೊಂಡರ ಗೊಂಚಲು.

"ನೀವು ಹತ್ತರಲ್ಲಿ ಒಂದನ್ನ ಕಣ್ಣುಮುಚ್ಚಿ ಗುರುತಿಸೋರು," ಅಂದಳು ಭಾವನಿಗೆ. "ನೀವೇ ಆರಿಸಿ."

ಭಾವ ಅರಳಿದ. ಮರುದಿನ ಅವನಿಗೊಂದು ದೊಡ್ಡ ಸಭೆಯಿತ್ತು, ನೂರಾರು ಜನರ ಎದುರು ನಗಬೇಕಿತ್ತು. ಹಲ್ಲು ಆಗುವವರೆಗೆ ಡಾಕ್ಟರು ಒಂದು ತಾತ್ಕಾಲಿಕ ಟೊಪ್ಪಿ ಹಾಕುತ್ತಾರಂತೆ, ಅದಕ್ಕೂ ಇದೇ ಬಣ್ಣ ಬೇಕಂತೆ. ಕನ್ನಡಿ ಹಿಡಿದು ಕಿಟಕಿಯ ಬಳಿ ನಿಂತು ಒಂದೊಂದೇ ಕಡ್ಡಿಯನ್ನು ತುಟಿಗೆ ಒತ್ತಿ ನೋಡಿದ, ಜೊತೆಗೆ ಹೆಬ್ಬೆರಳು ನೆಕ್ಕಿ ಮಾದರಿ ಹಲ್ಲನ್ನು ಒರೆಸಿದ. ಮೊದಲನೆಯದು ತೀರಾ ಹಳದಿ, ಗುಮಾಸ್ತರ ಹಲ್ಲು ಅಂದ. ಎರಡನೆಯದರಲ್ಲಿ ಬೂದು ಛಾಯೆ ಇದೆ, ಸಾಮಾನ್ಯರ ಕಣ್ಣಿಗೆ ಕಾಣಲ್ಲ ಅಂದ. ನಾಲ್ಕನೆಯದು ಸಿನಿಮಾದವರ ಹಲ್ಲು, ನಂಬಿಕೆ ಹುಟ್ಟಿಸಲ್ಲ. ಐದನೆಯದು ಮತ್ತು ಏಳನೆಯದರ ನಡುವೆ ಬಹಳ ಹೊತ್ತು ತೂಗಾಡಿದ. ಅಕ್ಕನ ಅಭಿಪ್ರಾಯ ಕೇಳಿದ, ಅವಳು ಎರಡೂ ಒಂದೇ ಥರ ಕಾಣುತ್ತಲ್ಲ ಅಂದಾಗ ಬಡಪಾಯಿ ಅನ್ನುವ ಹಾಗೆ ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಮೋಟು ಹಲ್ಲಿನಿಂದಾಗಿ ಸೀಟಿ ಹೋಗಿ ಈಗ ಬರೀ ಗಾಳಿ ಬರುತ್ತಿತ್ತು. ಸಂಪತ್ತು ಹಂಪತ್ತಾಗಿ, ಪ್ರತಿ ಮಾತಿಗೂ ಒಂದು ತುಂತುರು ಕನ್ನಡಿಯ ಮೇಲೆ ಬೀಳುತ್ತಿತ್ತು. ಕೊನೆಗೆ ಏಳನೆಯದನ್ನು ಎತ್ತಿ ಹಿಡಿದ. ಇದು ನನ್ನ ಹಲ್ಲು, ಅಂದ. ಇದರಲ್ಲಿ ಒಂದು ಗಾಂಭೀರ್ಯ ಇದೆ, ನೋಡಿದ ತಕ್ಷಣ ಗೊತ್ತಾಗುತ್ತೆ.

ಚಿಕ್ಕಮ್ಮ ಗೊಂಚಲನ್ನು ವಾಪಸು ತೆಗೆದುಕೊಂಡಳು. ಎಂಟು ಹಲ್ಲನ್ನೂ ಕಡ್ಡಿಗಳಿಂದ ಕಿತ್ತು ರಬ್ಬರ್ ಬಟ್ಟಲಿಗೆ ಹಾಕಿ, ಕುಲುಕಿ, ಮೇಜಿನ ಮೇಲೆ ಸುರಿದಳು. ನಿಮ್ಮದು ಎತ್ತಿಕೊಡಿ ಅಂದಳು. ಭಾವ ನಕ್ಕು, ಹೆಚ್ಚು ಯೋಚಿಸದೆ ಒಂದನ್ನು ಎತ್ತಿದ. ಇದೇನಾ ಅಂತ ಕೇಳಿದಳು. ಇದೇ ಅಂದ. ಗಾಂಭೀರ್ಯ ಇದೆಯಾ ಅಂದಳು. ಇದೆ ಅಂದ. ಆಗ ಅವಳು ಒಳಗಿನಿಂದ ಹಲ್ಲಿನ ಡಬ್ಬಿಯನ್ನೇ ತಂದು, ಮುಚ್ಚಳ ತೆಗೆದು, ಮೇಜಿನ ಮೇಲಿದ್ದ ಎಂಟನ್ನೂ ಒಟ್ಟಿಗೆ ಗುಡಿಸಿ ಅದರೊಳಗೆ ಹಾಕಿಬಿಟ್ಟಳು. ಒಳಗೆ ಅಂಥವೇ ಒಂದು ರಾಶಿ ಇತ್ತು. ಎಲ್ಲಾ ಒಂದೇ ಡಬ್ಬಿದು ಅಳಿಯಂದಿರೇ, ಅಂದಳು. ಗುಮಾಸ್ತರದ್ದೂ ಇದೇ, ಸಿನಿಮಾದವರದ್ದೂ ಇದೇ.

ಭಾವನ ಬಾಯಿ ತೆರೆದೇ ಇತ್ತು. ಬಿಸ್ಕತ್ತು ಇನ್ನೂ ಅಲ್ಲೇ ಇತ್ತು.

ಅವಳು ಅಷ್ಟಕ್ಕೆ ಬಿಡಲಿಲ್ಲ. ನನ್ನ ಕಡೆ ಕೈ ಚಾಚಿ, ನಿನ್ನ ಕಾಗದ ತಾರೋ ಅಂದಳು. ಆಗ ನನಗೆ ಅರ್ಥವಾಯಿತು, ನನ್ನ ಸೀಟಿಗೆ ನಕ್ಕ ಹೊತ್ತಿನಲ್ಲೂ ಅವಳ ಕಿವಿ ಕೆಲಸ ಮಾಡುತ್ತಿತ್ತು. ಏಳು ಷೇರು ಫಂಡುಗಳ ಕಾಗದ ಬೆನ್ನು ಮೇಲಾಗಿ ಇಟ್ಟೆ. ಚಿಕ್ಕಮ್ಮ ಗುಲಾಬಿ ಮೇಣದ ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಫಂಡಿನ ಹೆಸರಿದ್ದ ಜಾಗಕ್ಕೆಲ್ಲ ಒತ್ತಿ ಮುಚ್ಚಿದಳು. ಬೆಟ್ಟ ಇಲ್ಲ, ಕುದುರೆ ಇಲ್ಲ, ಏಳಕ್ಕೂ ಒಂದೇ ಒಸಡು. ಕೆಳಗೆ ಹತ್ತು ಹತ್ತು ಕಂಪನಿಗಳ ಹೆಸರು ಮಾತ್ರ.

"ಇದರಲ್ಲಿ ಧೀರ ನಾಳೆ ಯಾವುದು?" ಅಂತ ಕೇಳಿದಳು.

ಭಾವ ಬಗ್ಗಿದ. ಹೆಬ್ಬೆರಳು ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ಒಂದನ್ನು ಎತ್ತಿದ, ಕೆಳಗಿಟ್ಟ. ಇನ್ನೊಂದನ್ನು ಎತ್ತಿದ. ಅಕ್ಕ ಅವನ ಹೆಗಲ ಮೇಲಿಂದ ಓದುತ್ತಿದ್ದಳು. ಅವಳ ಬೆರಳು ಒಂದು ಕಾಗದದ ಸೋಪಿನಿಂದ ಇನ್ನೊಂದು ಕಾಗದದ ಸೋಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ರೀ, ಎಲ್ಲದರಲ್ಲೂ ಇದೇ ಬ್ಯಾಂಕಿದೆಯಲ್ಲ ಅಂದಳು ಮೆಲ್ಲಗೆ. ಭಾವ ಅನುಪಾತ ಬೇರೆ, ತಂತ್ರ ಬೇರೆ, ಫಂಡು ಮ್ಯಾನೇಜರ ದೃಷ್ಟಿ ಬೇರೆ ಅಂತ ಶುರುಮಾಡಿದ. ತುಂತುರು ಕಾಗದದ ಮೇಲೆ ಬಿತ್ತು.

ಚಿಕ್ಕಮ್ಮ ತನಗೆ ಬಂದ ಕೆಮ್ಮು ಮುಗಿಯುವವರೆಗೂ ಕಾದು ಹೇಳಿದಳು, "ನಾನೂ ಇದೇ ಆಟ ಆಡಿದ್ದೀನಿ, ಇಲ್ಲ ಅನ್ನಲ್ಲ. ಎಂಟು ತೋರಿಸಿದೆ. ಆದರೆ ಬಾಯಿಗೆ ಹಾಕಿದ್ದು ಒಂದು, ದುಡ್ಡು ತಗೊಂಡಿದ್ದು ಒಂದಕ್ಕೆ. ನೀವು ಏಳಕ್ಕೂ ತಗೋತೀರಿ."

ಆಮೇಲೆ ತನಗೇನು ಬೇಕು ಅಂತ ಹೇಳಿದಳು. ಷೇರಿಗೆ ಒಂದೇ ಫಂಡು: ಮಾರುಕಟ್ಟೆಯಲ್ಲಿರುವ ಕಂಪನಿಗಳನ್ನೆಲ್ಲ, ದೊಡ್ಡದು ಚಿಕ್ಕದು ಅನ್ನದೆ, ಅದರದರ ಗಾತ್ರಕ್ಕೆ ತಕ್ಕಷ್ಟು ಕೊಂಡು ಸುಮ್ಮನೆ ಕೂರುವಂಥದು, ಬುದ್ಧಿವಂತಿಕೆ ಮಾಡದೆ ಇರುವುದರಿಂದಲೇ ಬಾಡಿಗೆ ಕಡಿಮೆ ಇರುವಂಥದು. ಬಾಂಡಿಗೂ ಒಂದೇ: ಸರ್ಕಾರದ ಸಾಲಪತ್ರಗಳದು, ಸಾಲ ಬೇಗ ವಾಪಸು ಬರುವಂಥದು. ಅರ್ಧಕ್ಕಿಂತ ತುಸು ಹೆಚ್ಚು ಬಾಂಡಿಗೆ, ಉಳಿದದ್ದು ಷೇರಿಗೆ. ವರ್ಷಕ್ಕೊಮ್ಮೆ ಯಾವುದು ಉಬ್ಬಿದೆಯೋ ಅದರಿಂದ ಒಂದಿಷ್ಟು ತೆಗೆದು ಸೊರಗಿದ್ದಕ್ಕೆ ಹಾಕುವುದು. ಷೇರು ಬಿದ್ದ ವರ್ಷ ಅದರ ತಂಟೆಗೆ ಹೋಗದೆ ಬಾಂಡಿನಿಂದ ತಿನ್ನುವುದು. ಇದನ್ನೆಲ್ಲ ನಾನೇ ಅವಳಿಗೆ ಓದಿ ಹೇಳಿದ್ದೆ, ಆದರೆ ನಾನು ಹೇಳಿದಾಗ ಅದು ಪಾಠದ ಹಾಗಿತ್ತು. ಅವಳು ಕಪಾಟಿನಿಂದ ಒಂದು ದವಡೆ ಇಳಿಸಿ ತೋರಿಸಿದಳು. ಕಚ್ಚೋಕ್ಕೆ ಮುಂದಿನ ಹಲ್ಲು, ಅಗಿಯೋಕ್ಕೆ ಹಿಂದಿನ ಹಲ್ಲು, ಎರಡು ಬಗೆ ಇದ್ದರೆ ಊಟ ಆಗುತ್ತೆ. ಏಳು ಸಾಲು ಮುಂದಿನ ಹಲ್ಲು ಇದ್ದರೆ ಅದು ಬಾಯಲ್ಲ, ಬಾಚಣಿಗೆ ಅಂದಳು. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಹೇಳಿದ್ದಾರೆ, ನಾನು ಎರಡು ಕಟ್ತೀನಿ, ಅರ್ಜಿ ಬರೀರಿ. ಅಕ್ಕನನ್ನು ತೋರಿಸಿ, ಇವಳ ಮೇಲೆ ಮನೆಯಲ್ಲಿ ಒಂದು ಮಾತು ಬಂದರೂ ನಿಮ್ಮ ಹಲ್ಲು ಇಲ್ಲೇ ಇರುತ್ತೆ ಅಂತಲೂ ಸೇರಿಸಿದಳು.

ಮೊದಲು ನಕ್ಕವಳು ಅಕ್ಕ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೆಗಲು ಅಲುಗಾಡುತ್ತಿತ್ತು. ಗುಮಾಸ್ತರ ಹಲ್ಲು ಅಂತ ಒಂದೇ ಮಾತು ಹೇಳಿ ಮತ್ತೆ ಬಗ್ಗಿಬಿಟ್ಟಳು. ಚಿಕ್ಕಮ್ಮನೂ ನಕ್ಕಳು, ನಾನೂ ನಕ್ಕೆ. ನಗುತ್ತಲೇ ಭಾವನ ಮುಖ ನೋಡುತ್ತಿದ್ದೆ. ಅಲ್ಲಿ ನಾಚಿಕೆ ಬರುತ್ತದೆ, ಬಂದೇ ಬರುತ್ತದೆ, ಬಂದರೆ ಅದನ್ನು ಚೆನ್ನಾಗಿ ನೋಡಿಕೊಂಡು ಮುಂದೆ ಅಣಕಿಸಬೇಕು ಅಂತ ಕಾಯುತ್ತಿದ್ದೆ.

ಅವನು ಅರ್ಜಿ ಬರೆದ. ಎರಡೇ ಫಂಡು, ಚಿಕ್ಕಮ್ಮ ಹೇಳಿದ ಹಾಗೆಯೇ. ಜಗಿದ ಮುಚ್ಚಳದ ಪೆನ್ನನ್ನು ಚಾಚಿದ. ಚಿಕ್ಕಮ್ಮ ತನ್ನ ಪೆನ್ನಿನಿಂದ ಸಹಿ ಹಾಕಿದಳು. ಆಮೇಲೆ ಅವನು ಖಾಲಿ ಕಡ್ಡಿಗಳ ಗೊಂಚಲನ್ನು ಎತ್ತಿಕೊಂಡು ನಂಬರುಗಳನ್ನು ಒಂದೊಂದಾಗಿ ನೋಡಿದ. ತುಟಿ ಅದುರಿತು. ಬಂತು ನೋಡು ನಾಚಿಕೆ ಅಂದುಕೊಂಡೆ. ಬಂದದ್ದು ನಗು.

"ಅತ್ತೆ, ಇದನ್ನ ನನಗೆ ಕೊಟ್ಟುಬಿಡಿ," ಅಂದ. "ನಾಳೆ ಹಭೆಯಲ್ಲಿ ಇದನ್ನೇ ತೋರಿಹ್ತೀನಿ. ಎಲ್ಲರ ಕೈಲೂ ಹಲ್ಲು ಆರಿಹೋಕ್ಕೆ ಹೇಳ್ತೀನಿ. ಆಮೇಲೆ, ನೋಡಿ, ನಿಮಗೆ ವ್ಯತ್ಯಾಹ ಗೊತ್ತಾಗಲ್ಲ, ಅದಕ್ಕೇ ಹಲಹೆಗಾರ ಬೇಕು, ಅಂತೀನಿ."

ನಮ್ಮ ಮೂವರ ನಗುವೂ ಒಟ್ಟಿಗೆ ನಿಂತಿತು. ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಸಂತೋಷದ ನೀರು. ಏಟು ಬಿದ್ದ ಕೆನ್ನೆಯನ್ನೂ ಮಾರಬಹುದು ಅಂತ ಹೊಳೆದವನ ಸಂತೋಷ. ಚೀಲಗಟ್ಟಲೆ ಎಂಜಲನ್ನು ಮೂಗು ಮುಚ್ಚದೆ ತೊಳೆದ ನಾನು ಈಗ ಮೂಗು ಮುಚ್ಚಿಕೊಂಡೆ. ಎದ್ದು ಸಿಂಕಿನ ಕಡೆ ಹೋದೆ.

ಚಿಕ್ಕಮ್ಮ ಅವನದೇ ಬಾಯಿಯ ಅಚ್ಚಿಗೆ ಹುಯ್ಯಬೇಕಿದ್ದ ಗಚ್ಚನ್ನು ಬಟ್ಟಲಿಗೆ ಸುರಿದಳು, ನೀರು ಹಾಕಿ ಗರಗರ ಕಲಸಿದಳು, ಭಾವನ ಕೈಯಿಂದ ಮೊಂಡರ ಗೊಂಚಲನ್ನು ತೆಗೆದು ಅದರೊಳಗೆ ಮುಳುಗಿಸಿದಳು. ಬಿಳಿ ಗಚ್ಚು ಒಂದೊಂದೇ ನಂಬರನ್ನು ನುಂಗಿತು. ನೋಡನೋಡುತ್ತಿದ್ದ ಹಾಗೆ ಬಿಗಿಯಿತು, ಬಿಸಿಯಾಯಿತು, ಕಲ್ಲಾಯಿತು. ಅಕ್ಕ ಗಂಡನ ಕಡೆ ನೋಡಲಿಲ್ಲ.

ಭಾವ ಬಗ್ಗಿ ಬಟ್ಟಲನ್ನು ನೋಡಿದ. ಬೆರಳಿನಿಂದ ಗಚ್ಚನ್ನು ತಟ್ಟಿದ. ಟಕ್ ಟಕ್ ಅಂದಿತು.

"ಅತ್ತೆ, ಅಚ್ಚೇ ಮಾಡಿಕೊಟ್ರಿ," ಅಂದ. "ಇನ್ನು ಎಷ್ಟು ಗೊಂಚಲು ಬೇಕಾದರೂ ಹುಯ್ಯಬಹುದು."

ಮತ್ತೆ ನಕ್ಕ. ಕುರ್ಚಿಯ ಕೈ ಹಿಡಿದು, ತಲೆ ಹಿಂದಕ್ಕೆ ಎಸೆದು, ಮೋಟು ಗೂಟವೂ ಬಿಸ್ಕತ್ತೂ ಕಿರುನಾಲಗೆಯೂ ಕಾಣುವಷ್ಟು ಬಾಯಿ ತೆರೆದು ನಕ್ಕ. ಕಪಾಟಿನ ದವಡೆಗಳು ಕಟಕಟ ಅಂದವು, ಕೆಳಗೆ ಬೇಕರಿಯವನು ಕೋಲಿನಿಂದ ಚಾವಣಿ ಕುಟ್ಟಿದ. ಇಷ್ಟು ವರ್ಷದಲ್ಲಿ ನಾನು ಅಣಕಿಸಲಾರದ ಧ್ವನಿ ಅದೊಂದೇ. ಚಿಕ್ಕಮ್ಮ ಒದ್ದೆಯಾದ ಏಳು ಕಾಗದಗಳನ್ನು ಮುದುರಿ ಕಸದ ಬುಟ್ಟಿಗೆ ಹಾಕಿ, ತನ್ನ ಸಹಿಯಿದ್ದ ಕಾಗದವನ್ನು ಮೇಲೆತ್ತಿ ಹಿಡಿದಳು, ತುಂತುರು ತಾಗದ ಹಾಗೆ. ಅವನು ಇನ್ನೂ ನಗುತ್ತಲೇ ಇದ್ದ, ನಮ್ಮೆಲ್ಲರಿಗಿಂತ ಜೋರಾಗಿ.